ಹತ್ತು ಕಂಬಕ್ಕೆ ಕೆಂಪು ಪಟ್ಟಿ

"ನಾಳೆ ಬಿಟ್ಟು ಮುಂದಿನ ಸೋಮವಾರ ಬೆಳಗ್ಗೆ ಹತ್ತು ಗಂಟೆಯೊಳಗೆ ಈ ಮನೆಗೆ ಫೈಬರ್ ಇಂಟರ್ನೆಟ್ ಬರಲಿಲ್ಲ ಅಂದ್ರೆ ನಾನು ಬ್ರಷ್ ಹಿಡಿಯೋದನ್ನೇ ಬಿಟ್ಟುಬಿಡ್ತೀನಿ. ಬರೋದಷ್ಟೇ ಅಲ್ಲ, ಬೀದಿಗೆಲ್ಲ ಮೊದಲು ಬರೋದೇ ನಮ್ಮನೆಗೆ. ಬೇಕಾದ್ರೆ ಬರೆದಿಟ್ಕೋ."

ಈ ಪ್ರತಿಜ್ಞೆಯನ್ನು ಬೋರ್ಡಣ್ಣ ಮಂಚದ ಮೇಲೆ ನಿಂತು ಮಾಡಿದ. ಪ್ರತಿಜ್ಞೆಗೆ ಎತ್ತರದ ಜಾಗ ಇರಲೆಂದು ಹತ್ತಿದ್ದಲ್ಲ. ಆ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುತ್ತಿದ್ದದ್ದು ಒಂದೇ ಒಂದು ಕಡೆ: ಮಲಗುವ ಕೋಣೆಯ ಮಂಚ ಹತ್ತಿ, ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ, ಫೋನನ್ನು ಬೀದಿಯ ಕಡೆಗೆ ಚಾಚಿ ಹಿಡಿದಾಗ. ಗಂಡ ಹಿಡಿಯಬೇಕು, ಹೆಂಡತಿ ಪಕ್ಕದಲ್ಲಿ ನಿಂತು ಕೂಗಿ ಮಾತಾಡಬೇಕು. ಅವರ ಸಂಸಾರದ ಸಮಾಚಾರವೆಲ್ಲ ಬೀದಿಯವರಿಗೆ ತಿಳಿಯುತ್ತಿದ್ದದ್ದು ಹೀಗೆ.

"ಬರೆದಿಟ್ಕೊಂಡೆ," ಎಂದಳು ಹೆಂಡತಿ. "ಹೋದ ವರ್ಷ ಮೇಜಿನ ಹತ್ತಿರದ ಪ್ಲಗ್ ಪಾಯಿಂಟು ಒಂದು ಗಂಟೇಲಿ ಸರಿ ಮಾಡ್ತೀನಿ ಅಂದಿದ್ರಲ್ಲ, ಅದರ ಕೆಳಗೇ ಬರೆದಿಟ್ಕೊಂಡಿದೀನಿ."

"ಆ ಪ್ಲಗ್ ಬೇರೆ, ಇದು ಬೇರೆ."

"ಪ್ಲಗ್ ಬೇರೇನೇ. ನೀವು ಒಬ್ರೇ ಅಲ್ವಾ?"

ಬೋರ್ಡಣ್ಣ ಮಂಚದಿಂದ ಇಳಿದ. ದೊಡ್ಡ ಕೆಲಸಕ್ಕೆ ಹೊರಟವರು ಸಣ್ಣ ಪ್ಲಗ್ಗಿಗೆಲ್ಲ ಉತ್ತರ ಕೊಡುತ್ತ ಕೂತರೆ ಆಗುತ್ತದೆಯೇ?

ಬೋರ್ಡಣ್ಣ ಎಂಬುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಬೀದಿ ಇಟ್ಟ ಹೆಸರು. ಅಂಗಡಿಗಳ ಬೋರ್ಡು ಬರೆಯುವುದು ಅವನ ಕಸುಬು. ಕಂಪ್ಯೂಟರಿನಲ್ಲಿ ಅಚ್ಚು ಹಾಕಿಸಿದ ಫ್ಲೆಕ್ಸುಗಳು ಬಂದು ಅರ್ಧ ಕಸುಬನ್ನು ನುಂಗಿದ ಮೇಲೂ, ಬ್ರಷ್ಷಿನಲ್ಲಿ ಬರೆಸಬೇಕೆನ್ನುವ ಹಳೆಯ ಗಿರಾಕಿಗಳು ಅವನ ಹತ್ತಿರವೇ ಬರುತ್ತಿದ್ದರು. ಕೈ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಬಾಯಿ ಮಾತ್ರ ಕೈಗಿಂತ ಒಂದು ಗೇಣು ಮುಂದಿರುತ್ತಿತ್ತು. "ನನ್ನ ಎನಾಮಲ್ ಹತ್ತು ವರ್ಷ ಅಲ್ಲಾಡಲ್ಲ, ಗ್ಯಾರಂಟಿ," ಎನ್ನುವುದು ಅವನ ಬೀಜಮಂತ್ರ. ಬರೆದ ಪ್ರತಿ ಬೋರ್ಡಿನ ಬಲಮೂಲೆಯಲ್ಲಿ, ಬಾಲ ಸುರುಳಿಸಿಕೊಂಡ ಒಂದು ಸಹಿ. ಹಿಟ್ಟಿನ ಗಿರಣಿಯ ಬೋರ್ಡಾದರೂ ಅಷ್ಟೇ, ಹಲ್ಲಿನ ಆಸ್ಪತ್ರೆಯದಾದರೂ ಅಷ್ಟೇ, ಕಲಾವಿದ ಕಲಾವಿದನೇ.

ಈ ಸಲದ ಪ್ರತಿಜ್ಞೆಗೆ ಕಾರಣ ಹೆಂಡತಿ. ಇಪ್ಪತ್ತೊಂದು ವರ್ಷದ ಸಂಸಾರದಲ್ಲಿ ಅವಳು ಮೊದಲ ಬಾರಿಗೆ ಒಂದು ಕೆಲಸಕ್ಕೆ ಅರ್ಜಿ ಹಾಕಿದ್ದಳು. ದೊಡ್ಡ ಆಸ್ಪತ್ರೆಯೊಂದಕ್ಕೆ ಮನೆಯಿಂದಲೇ ಫೋನ್ ತೆಗೆದುಕೊಂಡು, ರೋಗಿಗಳಿಗೆ ಡಾಕ್ಟರ ಸಮಯ ಗೊತ್ತುಮಾಡಿಕೊಡುವವರು ಬೇಕಾಗಿದ್ದರು. ಧ್ವನಿ ಕಳಿಸಿ ಎಂದರು, ಕಳಿಸಿದಳು. ಧ್ವನಿ ಒಪ್ಪಿಗೆಯಾಯಿತು. ಇನ್ನು ಉಳಿದದ್ದು ಒಂದು ಪರೀಕ್ಷೆ: ಸೋಮವಾರ ಬೆಳಗ್ಗೆ ಹತ್ತಕ್ಕೆ, ಒಂದು ಗಂಟೆ ಕಾಲ, ಅವರೇ ರೋಗಿಗಳಂತೆ ಮಾತಾಡುತ್ತಾರೆ, ಇವಳು ಉತ್ತರ ಕೊಡಬೇಕು. ಮಧ್ಯದಲ್ಲಿ ಲೈನ್ ಕಡಿಯಬಾರದು. ಕಡಿದರೆ ಮತ್ತೊಂದು ಅವಕಾಶವಿಲ್ಲ.

ಅವಳು ತಿಂಗಳಿಂದ ತಯಾರಿ ನಡೆಸಿದ್ದಳು. ಸಕ್ಕರೆ ಡಬ್ಬಿಗೆ ಫೋನ್ ಒರಗಿಸಿಟ್ಟುಕೊಂಡು, ಪಾತ್ರೆ ತೊಳೆಯುತ್ತ, "ನಮಸ್ಕಾರ. ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ. ದಯವಿಟ್ಟು ಲೈನ್‌ನಲ್ಲೇ ಇರಿ," ಎಂದು ಅಭ್ಯಾಸ ಮಾಡುವಳು. ಗಂಡ ಕಾಫಿ ಕೇಳಿದರೂ ಅದೇ ಉತ್ತರ ಬರುತ್ತಿತ್ತು. ಅರ್ಜಿಯಲ್ಲಿ ಎಲ್ಲ ಅಂಕಣಗಳನ್ನೂ ತುಂಬಿದ್ದಳು, ಒಂದನ್ನು ಬಿಟ್ಟು. 'ಹಿಂದಿನ ಅನುಭವ' ಎಂಬಲ್ಲಿ ಪೆನ್ನು ಹಿಡಿದು ಅರ್ಧ ಗಂಟೆ ಕೂತು, ಕೊನೆಗೆ ಖಾಲಿ ಬಿಟ್ಟಿದ್ದಳು. ಅದನ್ನು ಬೋರ್ಡಣ್ಣ ನೋಡಿದ್ದ. ಪ್ರತಿಜ್ಞೆ ಹುಟ್ಟಿದ್ದು ಅಲ್ಲಿಂದ.

ಆ ಭಾನುವಾರವೇ ಫೈಬರ್ ಕಂಪನಿಯ ಚೀಟಿ ಬಾಗಿಲ ಸಂದಿಯಿಂದ ಒಳಗೆ ಬಂದು ಬಿತ್ತು. ನೆಲ ಅಗೆಯುವುದಿಲ್ಲ, ಬೀದಿಯ ಕರೆಂಟು ಕಂಬಗಳ ಮೇಲೆಯೇ ತಂತಿ ಬರುತ್ತದೆ, ತಂಡ ಗುರುವಾರ ಬರುತ್ತದೆ ಎಂದಿತ್ತು. ಕೆಳಗೆ ಸಣ್ಣ ಅಕ್ಷರದಲ್ಲಿ, 'ಕಂಬದ ಸಂಖ್ಯೆ ಸ್ಪಷ್ಟವಾಗಿ ಕಾಣುವಂತಿದ್ದರೆ ಕೆಲಸ ಬೇಗ ಆಗುತ್ತದೆ.'

"ನೋಡಿದ್ಯಾ?" ಎಂದ ಬೋರ್ಡಣ್ಣ. "ಇದು ನನಗೇ ಬರೆದಿರೋ ಚೀಟಿ."

"ಎಲ್ಲರ ಮನೆಗೂ ಹಾಕಿದಾರೆ ರೀ."

"ಹಾಕಿರಬಹುದು. ಅರ್ಥ ಆಗೋದು ನನಗೊಬ್ಬನಿಗೇ."

ಬೀದಿಯಲ್ಲಿ ಹನ್ನೊಂದು ಕಂಬಗಳಿದ್ದವು. ಹಳೆಯ ಮರದ ಕಂಬಗಳು. ಎದೆಯ ಮಟ್ಟಕ್ಕೆ ಹೊಡೆದಿದ್ದ ಸಂಖ್ಯೆಯ ತಗಡುಗಳು ತುಕ್ಕು ಹಿಡಿದು, ಯಾವುದು ಆರು, ಯಾವುದು ಎಂಟು ಎಂದು ಕಂಬಕ್ಕೇ ಗೊತ್ತಿರಲಿಲ್ಲ. ಬೋರ್ಡಣ್ಣನ ಮನೆಯ ಮುಂದಿನದು ಎರಡನೇ ಕಂಬ. ಸೋಮವಾರ ಬೆಳಗ್ಗೆ ಅವನು ಬಿಳಿ ಬಣ್ಣ ತಂದು ಕಂಬದ ಮೇಲೆ 'ಎರಡು' ಎಂಬ ಅಂಕಿ ಬರೆಯಲು ನಿಂತ. ನಿಂತವನಿಗೆ, ಬರೀ ಅಂಕಿ ಬರೆಯುವುದು ಕೂಲಿ ಕೆಲಸ ಎನ್ನಿಸಿತು. ಹಿನ್ನೆಲೆ ಬೇಡವೇ? ಬೆಂಕಿ ಆರಿಸುವ ಸಿಲಿಂಡರು ಮಾರುವವರ ಬೋರ್ಡು ಬರೆದು ಉಳಿದಿದ್ದ ಕೆಂಪು ಎನಾಮಲ್ ಒಂದು ಡಬ್ಬಿ ಮನೆಯಲ್ಲಿತ್ತು. ಕಂಬದ ಸುತ್ತ ಒಂದು ಗೇಣು ಅಗಲದ ಕೆಂಪು ಪಟ್ಟಿ ಎಳೆದ. ಅದು ಒಣಗಿದ ಮೇಲೆ, ಅದರ ಮೇಲೆ ಬೆಳ್ಳಗೆ, ದುಂಡಗೆ, ಎರಡು. ಕೆಳಗೆ ಬಾಲ ಸುರುಳಿಸಿಕೊಂಡ ಸಹಿ.

ಕಂಬವೇ ನಾಚುವಷ್ಟು ಚೆನ್ನಾಗಿ ಬಂತು. ಹಾಲು ತರಲು ಹೋಗುತ್ತಿದ್ದವರು ನಿಂತು ನೋಡಿದರು. ಮೂರನೇ ಕಂಬದ ಮನೆಯವರು, "ನಮ್ಮದಕ್ಕೂ ಒಂದು ಹಾಕಿಕೊಡಿ ಬೋರ್ಡಣ್ಣ, ನಿಮ್ಮ ಕೈ ಚೆನ್ನಾಗಿದೆ," ಎಂದರು. ಕೈ ಚೆನ್ನಾಗಿದೆ ಎಂದರೆ ಬೋರ್ಡಣ್ಣ ಪರ್ವತಕ್ಕೂ ಬಣ್ಣ ಬಳಿದಾನು. ಮೂರನೆಯದಾಯಿತು, ನಾಲ್ಕನೆಯದಾಯಿತು. ಬುಧವಾರ ಸಂಜೆಯ ಹೊತ್ತಿಗೆ ಹನ್ನೊಂದನೆಯದೂ ಮುಗಿದು, ಡಬ್ಬಿಯ ತಳ ಕೆರೆದು, ಬೀದಿ ಮೆರವಣಿಗೆಗೆ ನಿಂತಂತೆ ಕಾಣುತ್ತಿತ್ತು.

ಬಿಟ್ಟದ್ದು ಒಂದೇ ಕಂಬವನ್ನು. ಮೂಲೆಯ ಒಂದನೇ ಕಂಬ, ಟೈಲರ್ ಅಂಗಡಿಯ ಮುಂದಿನದು. ಎರಡು ವರ್ಷದ ಹಿಂದೆ ಬೋರ್ಡಣ್ಣ ಆ ಅಂಗಡಿಗೆ ಬೋರ್ಡು ಬರೆದು ಒಂದು ಕತ್ತರಿಯ ಚಿತ್ರ ಬಿಡಿಸಿದ್ದ. ಟೈಲರ್ ಕನ್ನಡಕ ಏರಿಸಿ ನೋಡಿ, "ಕೊಕ್ಕರೆ ಚೆನ್ನಾಗಿದೆ, ಕತ್ತರಿ ಎಲ್ಲಿ?" ಎಂದಿದ್ದ. ಅವತ್ತಿನಿಂದ ಇಬ್ಬರಿಗೂ ಮಾತಿಲ್ಲ. ಬೋರ್ಡಣ್ಣನ ಕೆಂಪು ಅಂಗಿ ಮಾತ್ರ ಆ ಟೈಲರ್ ಹೊಲಿದದ್ದೇ. ಜನ್ಮದಲ್ಲಿ ಅವನಿಗೆ ಸರಿಯಾಗಿ ಕೂತ ಅಂಗಿ ಅದೊಂದೇ ಆದ್ದರಿಂದ, ಜಗಳದ ನಿಯಮದಿಂದ ಅದಕ್ಕೆ ವಿನಾಯಿತಿ ಸಿಕ್ಕಿತ್ತು.

"ಅವರ ಕಂಬಕ್ಕೂ ಹಾಕಿ ರೀ, ಒಂದೇ ಒಂದು ಯಾಕೆ ಬಿಡ್ತೀರಿ?" ಎಂದಳು ಹೆಂಡತಿ.

"ಕೊಕ್ಕರೆ ಬಂದು ಹಾಕಲಿ."

ಗುರುವಾರ ಬೆಳಗ್ಗೆ ಲಾರಿ ಬಂತು. ಏಣಿಗಳು, ತಂತಿ ಸುತ್ತಿದ ದೊಡ್ಡ ಉರುಳೆ, ನಾಲ್ಕು ಜನ. ಅವರ ಮೇಲಧಿಕಾರಿಯಾಗಿ ಹಳದಿ ಹೆಲ್ಮೆಟ್ಟಿನ ಒಬ್ಬ ಹೆಂಗಸು, ಕೈಯಲ್ಲಿ ಹಲಗೆಗೆ ಸಿಕ್ಕಿಸಿದ ಹಾಳೆ. ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು. ಬೋರ್ಡಣ್ಣ ಕೆಂಪು ಅಂಗಿ ತೊಟ್ಟು ಎರಡನೇ ಕಂಬದ ಪಕ್ಕ ನಿಂತಿದ್ದ. ಮೇಡಂ ಲಾರಿಯಿಂದ ಇಳಿದಳು. ಎರಡನೇ ಕಂಬ ನೋಡಿ ನಿಂತಳು. ಮೂರನೆಯದನ್ನು ನೋಡಿದಳು. ಬೀದಿಯ ಕೊನೆಯವರೆಗೂ ನಡೆದುಹೋಗಿ ನಡೆದುಬಂದಳು. ಒಂದೊಂದರ ಮುಂದೆಯೂ ಫೋಟೋ ತೆಗೆದು ಹಾಳೆಯ ಮೇಲೆ ಬರೆದುಕೊಂಡಳು. ಆಮೇಲೆ ತನ್ನವರಿಗೆ ಕೈಸನ್ನೆ ಮಾಡಿದಳು. ಇಳಿಸಿದ ಏಣಿ ಮತ್ತೆ ಲಾರಿ ಹತ್ತಿತು. ಲಾರಿ ಹೊರಟಿತು.

"ಕಣ್ಣಾರೆ ಕಂಡೆಯಾ?" ಎಂದು ಬೋರ್ಡಣ್ಣ ಒಳಗೆ ಓಡಿಬಂದ. "ಒಂದೊಂದಕ್ಕೂ ಫೋಟೋ. ಒಂದೊಂದಕ್ಕೂ. ಬಾಯಲ್ಲಿ ಮಾತೇ ಹೊರಡಲಿಲ್ಲ ಆಕೆಗೆ."

"ತಂತಿ ಎಲ್ಲಿ ರೀ?"

"ಮೇಲಿನವರಿಗೆ ತೋರಿಸೋಕೆ ಹೋಗಿದಾರೆ. ಇಂಥ ಕೆಲಸ ನೋಡಿದ ಮೇಲೆ ಸುಮ್ಮನೆ ತಂತಿ ಎಳೆದು ಹೋಗ್ತಾರಾ?"

ಹೆಂಡತಿ ಗೋಡೆಯ ಗಡಿಯಾರ ನೋಡಿದಳು, ಆಮೇಲೆ ಗಂಡನನ್ನು ನೋಡಿದಳು. "ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ," ಎಂದು ಒಳಗೆ ಹೋದಳು.

ಮೇಲಿನವರಿಗೆ ತೋರಿಸಿದ್ದು ನಿಜ. ಶುಕ್ರವಾರ ಮಧ್ಯಾಹ್ನ ಉತ್ತರವೂ ಬಂತು. ಬೀದಿಯ ಮೂಲೆಯ ಗೋಡೆಗೆ ಒಂದು ನೋಟೀಸು ಅಂಟಿತು: 'ಈ ಬೀದಿಯ ಹತ್ತು ಕಂಬಗಳ ಮೇಲೆ ಕೆಂಪು ಪಟ್ಟಿ ಇರುವುದು ಕಂಡುಬಂದಿದೆ. ಕೆಂಪು ಪಟ್ಟಿ ಎಂದರೆ ಬುಡ ಕೊಳೆತ, ಏರಬಾರದ ಕಂಬ ಎಂಬ ಗುರುತು. ಹೊಸ ಕಂಬಗಳನ್ನು ನೆಡುವವರೆಗೆ, ಅಂದರೆ ಸುಮಾರು ಮೂರು ತಿಂಗಳು, ಫೈಬರ್ ಕೆಲಸ ಮುಂದೂಡಲಾಗಿದೆ. ಸಾರ್ವಜನಿಕರು ಕಂಬಗಳಿಂದ ದೂರವಿರಬೇಕು.' ಜೊತೆಗೆ ಏಳನೇ ಕಂಬದ ಫೋಟೋ. ಅದರಲ್ಲಿ ಅಂಕಿಗಿಂತ ಸಹಿಯೇ ಚೆನ್ನಾಗಿ ಬಂದಿತ್ತು.

ಗಾಳಿಗಿಂತ ಬೇಗ ಸುದ್ದಿ ಹಬ್ಬಿತು. ಕಂಬಕ್ಕೆ ಒರಗಿಸಿದ್ದ ಸೈಕಲ್ಲುಗಳು ಮನೆಯೊಳಗೆ ಹೋದವು. ಐದನೇ ಕಂಬದವರು ಅದಕ್ಕೆ ಕಟ್ಟಿದ್ದ ಬಟ್ಟೆ ಒಣಹಾಕುವ ಹಗ್ಗವನ್ನು ಕೋಲಿನಿಂದ ಬಿಚ್ಚಲು ನೋಡಿ, ಆಗದೆ, ಬಟ್ಟೆಯನ್ನೂ ಅಲ್ಲೇ ಬಿಟ್ಟರು. ಒಂಬತ್ತನೇ ಕಂಬದ ಅಜ್ಜಿಯನ್ನು ಮಗ ಬೀದಿಯ ನಟ್ಟನಡುವೆ ನಡೆಸಿಕೊಂಡು ಹೋದ, ಎದುರಿಗೆ ಬಂದ ವಾಹನಗಳೇ ಪಕ್ಕಕ್ಕೆ ಸರಿಯಬೇಕಾಯಿತು. ನೆಮ್ಮದಿಯಾಗಿದ್ದವನು ಟೈಲರ್ ಒಬ್ಬನೇ. ಅಂಗಡಿಯ ಕುರ್ಚಿಯನ್ನು ಆಚೆ ಹಾಕಿಕೊಂಡು, ಒಂದನೇ ಕಂಬಕ್ಕೆ ಬೆನ್ನು ಕೊಟ್ಟು ಕೂತು, "ಇಡೀ ಬೀದೀಲಿ ಗಟ್ಟಿ ಇರೋದು ನಮ್ಮದೊಂದೇ," ಎಂದು ಹೋಗಿಬರುವವರಿಗೆಲ್ಲ ಹೇಳುತ್ತಿದ್ದ.

ಬೋರ್ಡಣ್ಣ ನೋಟೀಸನ್ನು ಎರಡು ಸಲ ಓದಿದ. ತಾನು ಕೆಟ್ಟ ಕೋತಿ ವನವನ್ನೆಲ್ಲ ಕೆಡಿಸಿತು ಎನ್ನುತ್ತಾರಲ್ಲ, ಆ ಕೋತಿಗೆ ಕೊನೇಪಕ್ಷ ಬಣ್ಣ ಬಳಿಯಲು ಬರುತ್ತಿರಲಿಲ್ಲ. ಮೂರು ತಿಂಗಳು! ಅವನಿಗೆ ಬೀದಿಯ ಚಿಂತೆ ಬರಲಿಲ್ಲ. ಖಾಲಿ ಬಿಟ್ಟ ಒಂದು ಅಂಕಣ ಕಣ್ಣ ಮುಂದೆ ಬಂತು.

ಸಂಜೆ, ಜನ ಒಳಗೆ ಸೇರಿದ ಹೊತ್ತು ನೋಡಿ, ಒಂದು ಬಾಟಲಿ ಥಿನ್ನರ್ ಮತ್ತು ಹಳೆಯ ಬನಿಯನ್ನಿನ ಚಿಂದಿ ಹಿಡಿದು ಎರಡನೇ ಕಂಬದ ಬಳಿ ಹೋದ. ತಿಕ್ಕಿದ. ಬಿಳಿ ಅಂಕಿ ಬೆಣ್ಣೆಯಂತೆ ಎದ್ದು ಬಂತು. ಸಹಿಯೂ ಹೋಯಿತು. ಕೆಂಪು ಮಾತ್ರ ಕದಲಲಿಲ್ಲ. ಒಣಗಿದ ಹಳೆಯ ಮರ ಅದನ್ನು ಗಟಗಟನೆ ಕುಡಿದುಬಿಟ್ಟಿತ್ತು. ಅರ್ಧ ಗಂಟೆ ತಿಕ್ಕಿದ ಮೇಲೆ, ಅಂಕಿ ಸಹಿಗಳ ಅಡ್ಡಿಯಿಲ್ಲದೆ, ಅಪಾಯದ ಪಟ್ಟಿ ಮೊದಲಿಗಿಂತ ಸ್ವಚ್ಛವಾಗಿ ಕಾಣುತ್ತಿತ್ತು.

"ಹತ್ತು ವರ್ಷ ಅಲ್ಲಾಡಲ್ಲ," ಎಂದಿತು ಹಿಂದಿನಿಂದ ಒಂದು ಧ್ವನಿ.

ಹೆಂಡತಿ ಮೆಟ್ಟಿಲ ಮೇಲೆ ಕೂತಿದ್ದಳು. ಎಷ್ಟು ಹೊತ್ತಿನಿಂದಲೋ.

"ನೋಟೀಸು ಓದಿದ್ಯಾ?"

"ಓದೋದೇನು, ಸಹಿ ನೋಡಿದೆ."

ಬೋರ್ಡಣ್ಣ ಚಿಂದಿಯನ್ನು ಹಿಂಡಿದ. ಬೈದರೆ ಬೈಗುಳಕ್ಕೆ ಉತ್ತರವಿರುತ್ತದೆ. ಅವಳು ಬೈಯಲಿಲ್ಲ.

"ಅಪ್ಪ ನನಗೆ ಫೋನಲ್ಲಿ ಮಾತಾಡೋಕೇ ಬಿಡ್ತಿರಲಿಲ್ಲ," ಎಂದಳು. "ಜೋರಾಗಿ ಮಾತಾಡ್ತಾಳೆ ಅಂತ. ಇಲ್ಲಿ ಕಿಟಕೀಲಿ ಕೂಗಿ ಕೂಗಿ ನನ್ನ ಧ್ವನಿ ಹೇಗಿದೆ ಅನ್ನೋದೇ ಮರೆತುಹೋಗಿತ್ತು. ಆಸ್ಪತ್ರೆಯವರು ಚೆನ್ನಾಗಿದೆ ಅಂತ ಬರೆದಿದ್ರು ರೀ. ಆ ಕಾಗದ ನಾಲ್ಕು ಸಲ ಓದಿದೀನಿ."

ಬೋರ್ಡಣ್ಣ ಅವಳ ಪಕ್ಕದಲ್ಲಿ ಕೂತ. ಥಿನ್ನರಿನ ವಾಸನೆಗೆ ಅವಳು ಸ್ವಲ್ಪ ಸರಿದು ಕೂತಳು, ಎದ್ದು ಹೋಗಲಿಲ್ಲ. "ತಪ್ಪಾಯ್ತು ಕಣೇ," ಎಂದ. ಆ ಮಾತನ್ನು ಅವನು ಇಪ್ಪತ್ತೊಂದು ವರ್ಷದಲ್ಲಿ ಎಷ್ಟು ಸಲ ಹೇಳಿದ್ದನೆಂದು ಎಣಿಸಲು ಒಂದು ಕೈಯ ಬೆರಳು ಬೇಕಾದಷ್ಟಾಯಿತು.

"ನಾಳೆ ಬೆಳಗ್ಗೆ ಮಂಚ ಹತ್ತಿ," ಎಂದಳು ಅವಳು.

ಶನಿವಾರ ಬೆಳಗ್ಗೆ ಎಂಟಕ್ಕೆ ಬೋರ್ಡಣ್ಣ ಮಂಚ ಹತ್ತಿ ಫೋನನ್ನು ಕಿಟಕಿಯಾಚೆ ಚಾಚಿದ. ಕಂಪನಿಯ ನಂಬರಿನಲ್ಲಿ ಒಂದು ಸಂಗೀತ ಶುರುವಾಯಿತು. 'ನಿಮ್ಮ ಕರೆ ನಮಗೆ ಮುಖ್ಯ' ಎಂದಿತು ಒಂದು ಯಂತ್ರ. ಹತ್ತು ನಿಮಿಷಕ್ಕೆ ಬೋರ್ಡಣ್ಣನ ಭುಜ ನೋಯತೊಡಗಿತು. ಇಪ್ಪತ್ತಕ್ಕೆ ಬೆರಳುಗಳು ಜೋಮು ಹಿಡಿದವು.

"ಕೈ ಬದಲಾಯಿಸಲಾ?"

"ಬೇಡ ರೀ. ಸಿಗ್ನಲ್ ಹೋಗುತ್ತೆ. ದಯವಿಟ್ಟು ಲೈನ್‌ನಲ್ಲೇ ಇರಿ."

ನಲವತ್ತೇಳನೇ ನಿಮಿಷಕ್ಕೆ ಒಬ್ಬ ಮನುಷ್ಯ ಸಿಕ್ಕ. ಹೆಂಡತಿ ತನ್ನ ಅಭ್ಯಾಸದ ಧ್ವನಿ ತೆಗೆದಳು. ಕೂಗಲಿಲ್ಲ. ಒಂದೊಂದು ಮಾತೂ ಇಸ್ತ್ರಿ ಮಾಡಿದಂತೆ ಬಂತು. ಅವನು ಮೂರು ತಿಂಗಳು ಎಂದ. ನಿಮ್ಮ ತೊಂದರೆ ಅರ್ಥವಾಗುತ್ತದೆ ಎಂದಳು. ಅವನು ನಿಯಮ ಎಂದ. ನಿಯಮ ಇರಬೇಕು, ಇಲ್ಲದಿದ್ದರೆ ಏರುವವರ ಪ್ರಾಣಕ್ಕೆ ಅಪಾಯ ಎಂದಳು. ಅವನಿಗೇ ಪಾಪ ಎನ್ನಿಸಿರಬೇಕು, ಹಳದಿ ಹೆಲ್ಮೆಟ್ಟಿನ ಮೇಡಮ್ಮನ ನಂಬರು ಕೊಟ್ಟ. ಮೇಡಂ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ಬಳಿದವರು ಈಗ ಎಲ್ಲಿದಾರೆ?"

"ಕಿಟಕೀಲಿ ಫೋನ್ ಹಿಡ್ಕೊಂಡಿದಾರೆ."

"ಮಧ್ಯಾಹ್ನ ಸುತ್ತಿಗೆ ತಗೊಂಡು ಬರ್ತೀನಿ. ಅವರನ್ನ ಅಲ್ಲೇ ಇಟ್ಕೊಂಡಿರಿ."

ಸುತ್ತಿಗೆ ಎಂದ ಕೂಡಲೇ ಬೋರ್ಡಣ್ಣನ ಕೈಯಿಂದ ಫೋನ್ ಜಾರುವುದರಲ್ಲಿತ್ತು.

ಸುತ್ತಿಗೆ ಇದ್ದದ್ದು ಕಂಬಗಳಿಗೆ. ಗಟ್ಟಿ ಮರವನ್ನು ಬುಡದಲ್ಲಿ ಬಡಿದರೆ ಠಣ್ ಎನ್ನುತ್ತದೆ, ಕೊಳೆತದ್ದು ಡಬ್ ಎನ್ನುತ್ತದೆ. ಆದರೆ ಕೆಂಪು ಪಟ್ಟಿಯ ಕಂಬವನ್ನು ಹಾಗೆ ಸುಮ್ಮನೆ ಮುಟ್ಟುವಂತಿಲ್ಲ. ಬಳಿದವನು ಪ್ರತಿ ಕಂಬದ ಮುಂದೆಯೂ ನಿಂತು, ಇದು ನನ್ನ ಕೆಲಸವೆಂದು ಬಾಯಿಬಿಟ್ಟು ಹೇಳಿ, ಹಾಳೆಗೆ ಸಹಿ ಹಾಕಬೇಕು. ಮಧ್ಯಾಹ್ನ ಮೂರಕ್ಕೆ ತಂಡದ ಲಾರಿ ಬಂದು ನಿಂತಿತು, ಮೆರವಣಿಗೆ ಹೊರಟಿತು. ಮುಂದೆ ಮೇಡಂ, ಹಿಂದೆ ಕೆಂಪು ಅಂಗಿಯ ಬೋರ್ಡಣ್ಣ, ಅವನ ಹಿಂದೆ ಇಡೀ ಬೀದಿ.

"ಇದು ಯಾರು ಬಳಿದದ್ದು?"

"ನಾನೇ ಮೇಡಂ."

ಠಣ್. ಸಹಿ.

"ಇದು?"

"ಇದೂ ನಾನೇ."

ಠಣ್. ಸಹಿ. ಐದನೇ ಕಂಬದ ಹೊತ್ತಿಗೆ ಬೋರ್ಡಣ್ಣನ ಸಹಿಯ ಬಾಲದ ಸುರುಳಿ ಬಿಚ್ಚಿಕೊಂಡಿತ್ತು. ಎಂಟನೆಯದರ ಹೊತ್ತಿಗೆ ಬಾಲವೇ ಇರಲಿಲ್ಲ. ಒಂಬತ್ತನೇ ಕಂಬದ ಅಜ್ಜಿ, "ಇವನು ಒಂದು ಸಲ ಹೇಳಿದರೆ ಸಾಕಾಗಲ್ವೇನಮ್ಮಾ, ಪಾಪ," ಎಂದಳು. ಮೇಡಂ ನಗಲಿಲ್ಲ. ಹನ್ನೊಂದನೆಯದೂ ಮುಗಿಯಿತು. ಬಳಿದ ಹತ್ತಕ್ಕೆ ಹತ್ತೂ ಗಟ್ಟಿ. ಬೋರ್ಡಣ್ಣನಿಗೆ ಉಸಿರು ಬಂತು.

ಮೇಡಂ ಮೂಲೆಗೆ ವಾಪಸು ಬಂದಳು. ಮುಖ್ಯ ರಸ್ತೆಯಿಂದ ತಂತಿ ಬರಬೇಕಾದದ್ದು ಒಂದನೇ ಕಂಬಕ್ಕೆ. ಟೈಲರ್ ಇನ್ನೂ ಅದಕ್ಕೆ ಬೆನ್ನು ಕೊಟ್ಟು ಕೂತಿದ್ದ.

"ಸ್ವಲ್ಪ ಏಳ್ತೀರಾ? ಬಡಿದು ನೋಡ್ಬೇಕು."

"ಇದಕ್ಕೆ ಯಾಕೆ ಮೇಡಂ? ಇದರ ಮೇಲೆ ಯಾರ ಕೈವಾಡಾನೂ ಇಲ್ಲ," ಎಂದು ಟೈಲರ್ ಬೋರ್ಡಣ್ಣನ ಕಡೆ ನೋಡುತ್ತ ಎದ್ದ.

ಡಬ್.

ಮೇಡಂ ಇನ್ನೊಮ್ಮೆ ಬಡಿದಳು. ಡಬ್. ಇಸ್ತ್ರಿ ಮಾಡುವಾಗ ಚಿಮುಕಿಸಲು ಇಟ್ಟುಕೊಂಡ ನೀರಲ್ಲಿ ಉಳಿದದ್ದನ್ನು ಟೈಲರ್ ಹದಿನೈದು ವರ್ಷದಿಂದ ಪ್ರತಿ ಸಂಜೆ ಆ ಕಂಬದ ಬುಡಕ್ಕೇ ಸುರಿಯುತ್ತಿದ್ದ. ಸುತ್ತಿಗೆಯ ಮೊನೆ ಬುಡದೊಳಗೆ ನಾಲ್ಕು ಬೆರಳು ಹೋಯಿತು. ಟೈಲರ್ ತನ್ನ ಬೆನ್ನನ್ನು ಮುಟ್ಟಿ ನೋಡಿಕೊಂಡ.

"ಇದಕ್ಕೆ ಕೆಂಪು ಪಟ್ಟಿ ಬೇಕು, ಈಗಲೇ," ಎಂದು ಮೇಡಂ ಬೋರ್ಡಣ್ಣನ ಕಡೆ ತಿರುಗಿದಳು. "ಇವತ್ತು ನಾವು ಬಣ್ಣ ತಂದಿಲ್ಲ. ಗುರುತು ಹಾಕದೆ ನಾನು ಬೇರೆ ಕಂಬ ಮುಟ್ಟೋ ಹಾಗಿಲ್ಲ. ನಿಮ್ಮ ಹತ್ರ ಇರಬೇಕಲ್ಲ?"

ಬೋರ್ಡಣ್ಣ ಡಬ್ಬಿ ತಂದು ತಲೆಕೆಳಗು ಮಾಡಿದ. ಒಂದು ತೊಟ್ಟೂ ಬೀಳಲಿಲ್ಲ. ಗಟ್ಟಿ ಕಂಬ ಹತ್ತಕ್ಕೂ ಬಳಿದಿದ್ದ, ಬಳಿಯಬೇಕಾದ ಒಂದಕ್ಕೆ ಬಣ್ಣವಿಲ್ಲ. ಸುತ್ತ ನಿಂತವರೆಲ್ಲ ಡಬ್ಬಿಯೊಳಗೆ ಇಣುಕಿ ನೋಡಿದರು. ಹೆಂಡತಿ ಡಬ್ಬಿಯನ್ನು ನೋಡಲಿಲ್ಲ. ಗಂಡನ ಕೊರಳಪಟ್ಟಿ ನೋಡಿದಳು, ತೋಳು ನೋಡಿದಳು, ಗುಂಡಿಗಳನ್ನು ಒಂದೊಂದಾಗಿ ನೋಡಿದಳು.

"ಬೇಡ ಕಣೇ," ಎಂದ ಬೋರ್ಡಣ್ಣ. "ಇದೊಂದೇ ಸರಿಯಾಗಿ ಕೂರೋದು."

"ಕಂಬಕ್ಕೂ ಸರಿಯಾಗಿ ಕೂರುತ್ತೆ. ಬಿಚ್ಚಿ."

ಬೋರ್ಡಣ್ಣ ಬನಿಯನ್ನಿನಲ್ಲಿ ನಿಂತ. ಅಂಗಿಯನ್ನು ಕಂಬಕ್ಕೆ ಸುತ್ತಲು ಮುಂದೆ ಬಂದವನು ಟೈಲರ್. ಎರಡೂ ತೋಳುಗಳನ್ನು ಹಿಂದಕ್ಕೆಳೆದು, ಬಿಗಿಯಾಗಿ ಗಂಟು ಹಾಕಿ, ಜಗ್ಗಿ ನೋಡಿದ.

"ಹೊಲಿಗೆ ಬಿಡಲ್ಲ," ಎಂದ, ಎರಡು ವರ್ಷದ ಮೇಲೆ ಮೊದಲ ಮಾತು. "ಇನ್ನೊಂದು ಹೊಲಿದುಕೊಡ್ತೀನಿ ಬಿಡು. ಅಳತೆ ನನ್ನ ಹತ್ರ ಇದೆ."

"ಕತ್ತರೀನ ಸರಿ ಮಾಡ್ಕೊಡ್ತೀನಿ," ಎಂದ ಬೋರ್ಡಣ್ಣ.

"ಬೇಡ. ಕೊಕ್ಕರೆ ಅಂಗಡಿ ಅಂತಾನೇ ಎಲ್ಲ ಗುರುತು ಹಿಡೀತಾರೆ ಈಗ."

ಒಂದನೇ ಕಂಬ ಕೆಟ್ಟದ್ದರಿಂದ ತಂತಿ ಬೀದಿಯ ಆ ತುದಿಯಿಂದ ಬರಬೇಕಾಯಿತು. ಹನ್ನೊಂದರಿಂದ ಹತ್ತು, ಹತ್ತರಿಂದ ಒಂಬತ್ತು. ಬೀದಿಗೆಲ್ಲ ಮೊದಲು ಎಂದು ಹೊರಟಿದ್ದ ಬೋರ್ಡಣ್ಣನ ಮನೆ ಈಗ ಬೀದಿಗೆಲ್ಲ ಕೊನೆಯದು. ಶನಿವಾರ ಕತ್ತಲಾಗುವಷ್ಟರಲ್ಲಿ ಆರನೇ ಕಂಬದವರೆಗೆ ಬಂತು. ಭಾನುವಾರ ರಜೆ. ಆ ಭಾನುವಾರ ಬೋರ್ಡಣ್ಣ ಐದನೇ ಮತ್ತು ಆರನೇ ಕಂಬಗಳ ನಡುವಿನ ಖಾಲಿ ಆಕಾಶವನ್ನು ನೋಡಿದಷ್ಟು ಯಾರೂ ನೋಡಿರಲಾರರು. ಹೆಂಡತಿ ಮಾತ್ರ ಅಡುಗೆಮನೆಯಲ್ಲಿ ಅಭ್ಯಾಸ ನಡೆಸಿದ್ದಳು. ಎರಡು ಸಲ ಅವಳ ಮಾತು ಅರ್ಧಕ್ಕೆ ನಿಂತದ್ದು ಅವನಿಗೆ ಕೇಳಿಸಿತು.

ಸೋಮವಾರ ಒಂಬತ್ತೂ ನಲವತ್ತಕ್ಕೆ ತಂತಿ ಎರಡನೇ ಕಂಬಕ್ಕೆ ಬಂತು. ಐವತ್ತಕ್ಕೆ ಗೋಡೆ ತೂತಾಗಿ ಒಳಗೆ ಬಂತು. ಮೇಜಿನ ಮೇಲೆ ಬಿಳಿ ಪೆಟ್ಟಿಗೆ ಕೂತಿತು. ಮೇಡಂ ಅದರ ವೈರನ್ನು ಮೇಜಿನ ಪಕ್ಕದ ಪ್ಲಗ್ ಪಾಯಿಂಟಿಗೆ ಸಿಕ್ಕಿಸಿದಳು. ಹಸಿರು ದೀಪ ಹತ್ತಿತು. ಆರಿತು. ಹತ್ತಿತು. ಆರಿತು.

"ಈ ಪಾಯಿಂಟು ಸಡಿಲ ಇದೆಯಲ್ಲ," ಎಂದಳು ಮೇಡಂ. "ಯಾರೂ ಸರಿ ಮಾಡಿಸಿಲ್ವಾ?"

ಹೆಂಡತಿ ಗಂಡನ ಕಡೆ ತಿರುಗಿದಳು. ಒಂಬತ್ತೂ ಐವತ್ತೆಂಟಕ್ಕೆ ಬೋರ್ಡಣ್ಣ ಮೇಜಿನ ಕೆಳಗೆ ತೂರಿ, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು ಕೂತು, ಎರಡೂ ಕೈಗಳಿಂದ ಪ್ಲಗ್ಗನ್ನು ಗೋಡೆಗೆ ಒತ್ತಿ ಹಿಡಿದ. ಹಸಿರು ದೀಪ ನಿಂತಿತು. ಹತ್ತು ಹೊಡೆಯಿತು. ಫೋನ್ ಬಂತು.

ಮೊದಲು ಕಿವಿ ಕೇಳದ ಅಜ್ಜ ಬಂದ. ಆಮೇಲೆ ಅಳುವ ತಾಯಿ. ಹೆಂಡತಿ ಒಬ್ಬೊಬ್ಬರನ್ನೂ ಮಗುವನ್ನು ಮಲಗಿಸುವಷ್ಟು ನಿಧಾನವಾಗಿ ಮಾತಾಡಿಸಿದಳು. ಬೋರ್ಡಣ್ಣನಿಗೆ ಕಾಲು ಜೋಮು ಹಿಡಿಯಿತು, ಕತ್ತು ಹಿಡಿಯಿತು, ಮೂಗಿನ ತುದಿ ತುರಿಸಿತು. ಅವನು ಮಿಸುಕಲಿಲ್ಲ. ಕೊನೆಗೆ ಬಂದವನು ದೊಡ್ಡ ಬಾಯಿಯ ರೋಗಿ. ನಾನು ಯಾರು ಗೊತ್ತೇ, ಸಾಲಿನಲ್ಲಿ ಮೊದಲು ನನ್ನನ್ನೇ ಕರೆಯಬೇಕು, ನನ್ನ ಕಾಯಿಲೆ ನನಗೆ ಗೊತ್ತು, ಡಾಕ್ಟರಿಗೆ ನಾನೇ ಹೇಳಿಕೊಡುತ್ತೇನೆ ಎಂದು ಹತ್ತು ನಿಮಿಷ ಹಾರಾಡಿದ. ಅವಳು ಆರಕ್ಕೇರಲಿಲ್ಲ, ಮೂರಕ್ಕಿಳಿಯಲಿಲ್ಲ. ಎಲ್ಲ ಕೇಳಿಸಿಕೊಂಡು, ಅವನೇ ಕೇಳಿಕೊಂಡನೇನೋ ಎನ್ನುವ ಹಾಗೆ, ಅವನನ್ನು ಸಾಲಿನ ಕೊನೆಗೆ ಕಳಿಸಿದಳು. ಹೋಗುವಾಗ ಅವನು ಥ್ಯಾಂಕ್ಸ್ ಎಂದ.

ಆಮೇಲೆ ಪರೀಕ್ಷೆ ಮಾಡುತ್ತಿದ್ದ ಅಧಿಕಾರಿಯ ಸ್ವಂತ ಧ್ವನಿ ಬಂತು. ನಗುವ ಹೆಂಗಸು.

"ಕೊನೆಯ ರೋಗಿ ಹತ್ರ ಎಲ್ಲರೂ ಸೋಲ್ತಾರೆ. ಇಬ್ಬರು ಅತ್ತೇಬಿಟ್ರು. ನಿಮ್ಮ ಅರ್ಜೀಲಿ ಅನುಭವ ಅನ್ನೋ ಕಡೆ ಖಾಲಿ ಬಿಟ್ಟಿದೀರಿ. ಇಂಥವರನ್ನ ಸಂಭಾಳಿಸೋದು ಎಲ್ಲಿ ಕಲಿತ್ರಿ?"

ಹೆಂಡತಿ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಮೇಜಿನ ಕೆಳಗೆ ಬೋರ್ಡಣ್ಣ ಕಿವಿ ನಿಮಿರಿಸಿದ.

"ಇಪ್ಪತ್ತೊಂದು ವರ್ಷ ಮೇಡಂ," ಎಂದಳು ಹೆಂಡತಿ. "ಒಬ್ಬರನ್ನೇ ನೋಡ್ಕೊಂಡಿದೀನಿ."

"ಇಪ್ಪತ್ತೊಂದು ವರ್ಷನಾ! ಅದನ್ನ ಬರೀಬೇಕಿತ್ತು ನೀವು. ಬರೋ ಸೋಮವಾರದಿಂದ ಕೆಲಸಕ್ಕೆ ಸೇರ್ಕೊಳಿ, ಅನುಭವದ ಕಡೆ ನಾನೇ ತುಂಬ್ಕೋತೀನಿ. ಅಂದ ಹಾಗೆ, ಆ ರೋಗಿ ಈಗ ಹೇಗಿದಾರೆ?"

ಹೆಂಡತಿ ಬಗ್ಗಿ ಮೇಜಿನ ಕೆಳಗೆ ನೋಡಿದಳು. ಬನಿಯನ್ನಿನಲ್ಲಿ ಮುದುಡಿ ಕೂತಿದ್ದ ಗಂಡ ಅವಳನ್ನು ನೋಡುತ್ತಲೇ ಪ್ಲಗ್ಗನ್ನು ಇನ್ನಷ್ಟು ಒತ್ತಿ ಹಿಡಿದ. ಅವನ ಬಾಯಿ ಒಂದು ಸಲ ತೆರೆಯಿತು. ಹಾಗೆಯೇ ಮುಚ್ಚಿಕೊಂಡಿತು.

"ಈಗ ಎಷ್ಟೋ ವಾಸಿ," ಎಂದಳು ಅವಳು. "ಹೇಳಿದ ಕಡೆ ಕೂರ್ತಾರೆ."